ಜಟ್ಟಿಗೊಂದು ಜೋಡಿ

ನಂಜನಗೂಡು,
೨೫ ನವೆಂಬರ್ ೨೦೨೪, ಸೋಮವಾರ

ಕೋಮಲಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಆ ಪದ ಬಳಸುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಪತ್ರ ಓದಿದ ಮೇಲೆ ನೀನೇ ಹೇಳು. ವಾಟ್ಸಾಪಿನಲ್ಲಿ ನಿನ್ನ ಫೋಟೋ ಇದ್ದ ಜಾಗದಲ್ಲಿ ಈಗ ಬೂದುಬಣ್ಣದ ತಲೆಯೊಂದು ಮಾತ್ರ ಕಾಣುತ್ತದೆ. ಅದಕ್ಕೇ ಈ ಕಾಗದ. ನಿನ್ನ ಚಾಮರಾಜನಗರದ ವಿಳಾಸ ಕೊಟ್ಟವರು ನಿನ್ನ ಸೋದರಮಾವ, ಪೈಲ್ವಾನ್ ಬೆಟ್ಟಯ್ಯನವರು.

ಮೊದಲು ಸುದ್ದಿ. ನಮ್ಮ ಆಟದ ಜಟ್ಟಿ ಗೆದ್ದಳು! ನಿನ್ನೆ, ತಿ. ನರಸೀಪುರದಲ್ಲಿ, ನಿಮ್ಮ ತಾತ ಕಟ್ಟಿಸಿದ ಗರಡಿಮನೆಯ ಜಗಲಿಯ ಮೇಲೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಎದ್ದುನಿಂತು ಚಪ್ಪಾಳೆ ತಟ್ಟಿದೆ. ಇನ್ನೂ ಅಂಗೈ ಉರಿಯುತ್ತಿದೆ.

ಎರಡು ವರ್ಷ ನೀನು, ನಾನು, ಮೆಡಿಕಲ್ ಸ್ಟೋರಿನ ನಂಜೇಶ್, ಮೂವರೂ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾಗದ, ಪೆನ್ಸಿಲ್, ದಾಳ ಹರಡಿಕೊಂಡು ಆ ಆಟ ಕಟ್ಟಿದೆವು. ನಾನು ಕಥೆ ನಡೆಸುವವಳು. ರಟ್ಟಿನ ತಡಿಕೆಯ ಹಿಂದೆ ಕೂತು ರಾಕ್ಷಸರ ಜೀವಾಂಕ ಬರೆದುಕೊಳ್ಳುತ್ತಿದ್ದೆ. ನಿಮ್ಮ ಪ್ರತಿ ಏಟಿಗೂ ಅದು ಇಳಿಯಬೇಕು, ಸೊನ್ನೆಯಾದರೆ ರಾಕ್ಷಸ ಸತ್ತ. ನಂಜೇಶ್‌ಗೆ ಕತ್ತಿ. ನಿನಗೆ ಬರಿಗೈ. ನಿನ್ನ ಜಟ್ಟಿಗೆ ನೀನು ನಿನ್ನ ಅಜ್ಜಿ ಚಿಕ್ಕಮಾದಮ್ಮನ ಹೆಸರಿಟ್ಟಿದ್ದೆ.

ಸಮಸ್ಯೆ ಅಲ್ಲೇ ಇತ್ತು. ಕತ್ತಿಯವನಿಗೆ ಊರೂರಲ್ಲೂ ಹೊಸ ಕತ್ತಿ ಸಿಗುತ್ತದೆ. ಬರಿಗೈಯವಳಿಗೆ ಏನು ಕೊಡುವುದು? ಮೊದಲು ನಾವು ಮರ್ಮದ ಏಟು ಕೊಟ್ಟೆವು. ಅದು ತಗುಲಿದವನು ಒಂದು ಸರದಿ ಕಳೆದುಕೊಳ್ಳಬೇಕು. ನೀನು ಸತತ ನಾಲ್ಕು ಸಲ ಅದನ್ನೇ ಹೊಡೆದೆ. ಒಂದು ವಾರ ಕೂತು ನಾನು ಸೃಷ್ಟಿಸಿದ್ದ ಹೆಬ್ಬಾವು ಗೋಣಿಚೀಲದ ಹಾಗೆ ಬಿದ್ದುಕೊಂಡಿತು. ನೀನು ನಕ್ಕೆ. ನಾನೂ ನಕ್ಕೆ, ಆದರೆ ಮಾರನೆಯ ದಿನವೇ ಆ ಏಟನ್ನು ಕಾಳಗಕ್ಕೆ ಒಂದೇ ಸಲ ಎಂದು ತಿದ್ದಿದೆ. ಆಮೇಲೆ ಅದರ ಬಲ ತಗ್ಗಿಸಿದೆ. ಆಮೇಲೆ ಇನ್ನಷ್ಟು. ಪ್ರತಿ ಸಲವೂ ಅದಕ್ಕೆ ಬ್ಯಾಲೆನ್ಸ್ ಎಂದು ಹೆಸರಿಟ್ಟೆ. “ಅಲ್ಲ ಕಣೇ ನಯನಾ, ನಿನ್ನ ತಕ್ಕಡೀಲಿ ಯಾವಾಗ್ಲೂ ನನ್ ತಟ್ಟೆನೇ ಮ್ಯಾಲಕ್ಕೋಯ್ತದಲ್ಲ, ಯಾಕೆ?” ಎಂದು ನೀನು ಕೇಳಿದ್ದೆ. ಇಂಗ್ಲಿಷಿನ ದಪ್ಪ ನಿಯಮಪುಸ್ತಕಗಳನ್ನು ಓದಿದವಳು ನಾನು ಎಂಬ ಜಂಭದಲ್ಲಿ ನಾನು ಪೆನ್ಸಿಲ್ ಎತ್ತಿಕೊಂಡು ಮುಂದಿನ ಕಾಳಗ ಶುರುಮಾಡಿದೆ.

ಆಮೇಲೆ ಮಾರ್ಚಿನ ಆ ಭಾನುವಾರ. ಸಂಗಮದ ಮಡುವಿನಿಂದ ಎದ್ದ ಕಲ್ಲುರಾಕ್ಷಸ. ನೀನು ಸುತ್ತಿನ ಮೇಲೆ ಸುತ್ತು ಹೊಡೆದೆ, ಅವನು ಬೀಳಲಿಲ್ಲ. ಆರನೇ ಸುತ್ತಿನಲ್ಲಿ ಚಿಕ್ಕಮಾದಮ್ಮ ಸತ್ತಳು. ನೀನು ಅವಳ ಪಾತ್ರದ ಹಾಳೆಯನ್ನು ನಾಲ್ಕಾಗಿ ಮಡಿಚಿ ಬ್ಯಾಗಿಗೆ ಹಾಕಿಕೊಂಡು, “ಸೋತ್ರೆ ಸೋತೆ ಬುಡು. ನಮ್ಮಜ್ಜಿ ಮೋಸದಲ್ಲಿ ಬಿದ್ಲಲ್ಲ, ಅದು ಕಣೇ” ಎಂದು ಹೊರಟೆ. ಮೋಸ ಎಂಬ ಮಾತು ನನ್ನನ್ನು ಚುಚ್ಚಿತು. ದಟ್ ಈಸ್ ದ ರೂಲ್ ಎಂದೆ. ನಿನ್ನ ಜೊತೆ ಎಂದೂ ಇಂಗ್ಲಿಷಿನಲ್ಲಿ ಜಗಳವಾಡದವಳು ಅಂದೇಕೆ ಹಾಗೆ ಆಡಿದೆನೋ.

ನೀನು ಹೋದ ಮೇಲೆ ಜಟ್ಟಿಯ ಪಾತ್ರಕ್ಕೆ ಮೂವರು ಬಂದರು. ಮೂವರೂ ಒಂದೊಂದೇ ಕಾಳಗ ಆಡಿ ಬೇರೆ ಪಾತ್ರ ಕೇಳಿದರು. ನಾನು ಜಟ್ಟಿಯ ಏಟನ್ನು ಕತ್ತಿಗೆ ಸಮ ಮಾಡಿದೆ. ಆಗ ನಂಜೇಶ್ ಸಿಟ್ಟಾದ. “ಹಂಗಾದ್ರೆ ನಾನ್ಯಾಕ್ ಕತ್ತಿ ಹೊರ್ಬೇಕು ಮೇಡಂ, ಸೌದೆ ಸೀಳೋಕಾ?” ಎಂದ. ಅವನ ಮಾತೂ ಸರಿ.

ಹೋದ ತಿಂಗಳು ನರಸೀಪುರಕ್ಕೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಗರಡಿಯ ಮುಂದೆ ಜನ ಸೇರಿದ್ದರು. ಒಳಗೆ ಬೆಟ್ಟಯ್ಯನವರು ಮುಂದಿನ ಪಂದ್ಯಕ್ಕೆ ಜೋಡಿ ಕಟ್ಟುತ್ತಿದ್ದರು. ನೀನು ಚಿಕ್ಕಂದಿನಿಂದ ನೋಡಿದ್ದು, ನಾನು ಕಂಡದ್ದು ಅದೇ ಮೊದಲು. ಇಬ್ಬರನ್ನು ಎದುರುಬದುರು ನಿಲ್ಲಿಸಿ ಮಣಿಕಟ್ಟು ಹಿಡಿದು ನೋಡಿದರು, ಕತ್ತು ಒತ್ತಿದರು. ತೂಕದ ಯಂತ್ರವಿಲ್ಲ. ಒಬ್ಬ ಕಂಬದಂಥವನು, ಇನ್ನೊಬ್ಬ ಕಡ್ಡಿ. ಇದು ಅನ್ಯಾಯವಲ್ಲವೇ ಎಂದು ಬಾಯಿಬಿಟ್ಟೆ. ಅವರು ತಿರುಗಿ ನೋಡಿ, “ತೂಕ ಸಮ ಇದ್ರೆ ಕುಸ್ತಿ ಸಮ ಅಂತ ನಿಂಗ್ಯಾರವ್ವಾ ಯೋಳಿದ್ದು? ಇವ್ನು ಇಡಿದ್ರೆ ಬುಡಾಕಿಲ್ಲ. ಅವ್ನು ಇಡಿಯಾಕೇ ಬುಡಾಕಿಲ್ಲ. ಅದು ಜೋಡಿ” ಎಂದರು. ಆಮೇಲೆ ಒಪ್ಪಿಗೆಯೆಂದು ಇಬ್ಬರೂ ಒಬ್ಬರಿಗೊಬ್ಬರು ಕೈ ಕೊಡಬೇಕು. ಕಡ್ಡಿಯಂಥವನು ಕೊಟ್ಟ. ಮುಂದಿನ ಜೋಡಿಯಲ್ಲಿ ಒಬ್ಬ ತಲೆಯಾಡಿಸಿ ಹಿಂದೆ ಸರಿದ. ಯಾರೂ ನಗಲಿಲ್ಲ. ಜೋಡಿ ಸರಿಯಿಲ್ಲ ಎಂದಷ್ಟೇ ಹೇಳಿ ಇನ್ನೊಬ್ಬನನ್ನು ಕರೆದರು.

ಎರಡು ವರ್ಷ ನಾನು ಏಟುಗಳನ್ನು ತೂಗುತ್ತಿದ್ದೆ. ಜಟ್ಟಿಯ ಕೆಲಸ ಏಟೇ ಅಲ್ಲ! ಹೊಸ ನಿಯಮ ಬಸ್ಸಿನಲ್ಲೇ ಹುಟ್ಟಿತು. ಕಾಳಗ ಶುರುವಾದಾಗ ಜಟ್ಟಿ ಒಬ್ಬ ವೈರಿಯನ್ನು ಆರಿಸಿ ಕೈ ಚಾಚುತ್ತಾಳೆ. ಅವಳು ಹಿಡಿದಿರುವಷ್ಟು ಹೊತ್ತು ಅವನು ಬೇರೆ ಯಾರನ್ನೂ ಮುಟ್ಟುವಂತಿಲ್ಲ, ಅವಳೂ ಬಿಟ್ಟು ಹೋಗುವಂತಿಲ್ಲ. ಸತತ ಮೂರು ಹಿಡಿತ ಕೂಡಿಬಂದರೆ ಬೆನ್ನು ಮಣ್ಣಿಗೆ. ಜೀವಾಂಕ ಎಷ್ಟೇ ಉಳಿದಿರಲಿ, ಅವನು ಸೋತ ಹಾಗೆ.

ನಿನ್ನೆ ಅದರ ಪರೀಕ್ಷೆ. ಅದೇ ಕಲ್ಲುರಾಕ್ಷಸ. ಬೆಟ್ಟಯ್ಯನವರಿಗೆ ಜಟ್ಟಿಯ ಹಾಳೆ ಕೊಡಲು ಹೋದರೆ, “ಅರ್ವತ್ ವರ್ಸ ಬರಿಗೈಲೇ ಆಡಿವ್ನಿ. ಇವತ್ತಾದ್ರೂ ಒಂದ್ ಕತ್ತಿ ಕೊಡವ್ವಾ” ಎಂದುಬಿಟ್ಟರು. ಕತ್ತಿ ಅವರ ಪಾಲಾಯಿತು, ನಂಜೇಶ್ ಮಂತ್ರವಾದಿಯಾದ. ಜಟ್ಟಿಯಾದವಳು ಬಿಂದುಶ್ರೀ, ಹದಿನಾರು ಗ್ರಾಮದಿಂದ ಬಂದು ಕುಸ್ತಿ ಕಲಿಯುತ್ತಿರುವ ಪಿಯುಸಿ ಹುಡುಗಿ. ಈ ಸಲ ನಾನು ರಟ್ಟು ನಿಲ್ಲಿಸಲಿಲ್ಲ, ರಾಕ್ಷಸನ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಇಟ್ಟೆ. ಯಾಕೆ ಮೇಡಂ ಎಂದು ನಂಜೇಶ್ ಕೇಳಿದ. ಗಾಳಿಗೆ ಬೀಳುತ್ತದೆ ಎಂದೆ.

ಬಿಂದುಶ್ರೀ ಕೈ ಚಾಚಿದಳು. ಮೊದಲ ಹಿಡಿತ ಸಿಕ್ಕಿತು. ಎರಡನೆಯದೂ ಸಿಕ್ಕಿತು, ಆದರೆ ಅವಳಿಗೆ ಉಳಿದದ್ದು ಮೂರೇ ಜೀವಾಂಕ. ಬೆಟ್ಟಯ್ಯನವರು ಪಂಚೆ ಎತ್ತಿ ಕಟ್ಟಿ ಎದ್ದೇ ನಿಂತರು. “ಬುಡಬ್ಯಾಡ ಕಣಮ್ಮೀ! ಕತ್ ಒತ್ತು, ಕತ್ತು! ಕಲ್ಲಾದ್ರೇನು, ಅವ್ನಿಗೂ ಒಂದ್ ಬೆನ್ನೈತೆ!” ಮೂರನೇ ಹಿಡಿತಕ್ಕೆ ಎರಡು ದಾಳ ಸೇರಿ ಒಂಬತ್ತಾದರೂ ಬೀಳಬೇಕಿತ್ತು. ಆರು, ಐದು. ಹನ್ನೊಂದು! ನಾವು ಕಿರುಚಿದ್ದಕ್ಕೆ ಪಕ್ಕದ ಟೀ ಅಂಗಡಿಯವನು ಯಾರಿಗೆ ಏಟಾಯಿತೋ ಎಂದು ಓಡಿಬಂದ.

ಗದ್ದಲ ಇಳಿದ ಮೇಲೆ, ಪ್ರತಿ ಆಟದ ಕೊನೆಗೂ ಕೇಳುವ ನನ್ನ ಹಳೆಯ ಪ್ರಶ್ನೆ ಕೇಳಿದೆ, ಯಾರಿಗಾದರೂ ಪಾತ್ರ ಬದಲಿಸಬೇಕೆ? ಬಿಂದುಶ್ರೀ ಹಾಳೆಯನ್ನು ಎದೆಗವಚಿಕೊಂಡಳು. ನಂಜೇಶ್ ಬೇಡವೆಂದು ತಲೆಯಾಡಿಸಿದ. “ಕತ್ತಿ ವಾಪಸ್ ಕೊಡಾಕಿಲ್ಲ” ಎಂದರು ನಿನ್ನ ಮಾವ. ಆಟ ಶುರುವಾದಾಗಿನಿಂದ ಮೊದಲ ಸಲ ಯಾರೂ ಇನ್ನೊಬ್ಬರ ಹಾಳೆಯತ್ತ ಕಣ್ಣು ಹಾಯಿಸಲಿಲ್ಲ. ಬ್ಯಾಲೆನ್ಸ್ ಅಂದರೆ ಅದೇ ಇರಬೇಕು.

ಆ ನಿಯಮಕ್ಕೆ ಚಿಕ್ಕಮಾದಮ್ಮನ ಹಿಡಿತ ಎಂದು ಹೆಸರಿಟ್ಟಿದ್ದೇನೆ. ಹೊರಡುವಾಗ ಬೆಟ್ಟಯ್ಯನವರು, ನಮ್ ಕೋಮಲ ಯಾಕೆ ಬರ್ನಿಲ್ಲ ಎಂದು ಕೇಳಿದರು. ಕೆಲಸ ಚಾಮರಾಜನಗರಕ್ಕೆ ವರ್ಗವಾಗಿದೆಯಲ್ಲ ಎಂದೆ. ಅವರು ಮಣಿಕಟ್ಟು ನೋಡುವವರ ಹಾಗೆ ನನ್ನ ಮುಖ ನೋಡಿ, ನಿನ್ನ ವಿಳಾಸ ಬರೆದುಕೊಟ್ಟರು.

ನಿನ್ನ ಊಟದ ಮೇಜಿನ ಗೆಳತಿ,
ನಯನ

ಮರೆತು ಉಳಿಸಿದ್ದಲ್ಲ, ಧೈರ್ಯ ಸಾಲದೆ ಉಳಿಸಿದ್ದು: ಮಾರ್ಚಿನ ಆ ದಿನ ರಟ್ಟಿನ ಹಿಂದೆ ಇದ್ದ ಹಾಳೆಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಕಲ್ಲುರಾಕ್ಷಸನ ಜೀವಾಂಕ ನಲವತ್ತೈದು. ನಿನ್ನ ಏಟುಗಳು ಹನ್ನೆರಡು, ಒಂಬತ್ತು, ಹದಿನಾಲ್ಕು, ಹನ್ನೊಂದು. ಕೂಡಿ ನೋಡು. ನಾನು ಅಷ್ಟೆಲ್ಲ ಕತ್ತರಿಸಿದ ಮೇಲೂ ನಾಲ್ಕನೇ ಸುತ್ತಿಗೇ ನೀನು ಗೆದ್ದಿದ್ದೆ. ಮತ್ತೆ ನನ್ನ ರಾಕ್ಷಸ ಗೋಣಿಚೀಲವಾಗುವುದನ್ನು ನೋಡಲಾರದೆ ನಲವತ್ತೈದನ್ನು ಅಳಿಸಿ ಎಪ್ಪತ್ತು ಬರೆದೆ. ರಬ್ಬರಿನ ಗುರುತು ಇನ್ನೂ ಇದೆ. ಮೋಸ ಎಂದು ನೀನು ಅಂದದ್ದು ಸರಿ. ಇನ್ನು ನಮ್ಮ ಲೆಕ್ಕದಲ್ಲಿ ಐದನೇ ಸುತ್ತು, ಆರನೇ ಸುತ್ತು ನಡೆಯಲೇ ಇಲ್ಲ. ಈ ಕಡೆಯಿಂದ ನಾನು ಕೈ ಚಾಚಿದ್ದೇನೆ. ಜೋಡಿ ಸರಿಯಿಲ್ಲ ಎನ್ನಿಸಿದರೆ ಕೈ ಕೊಡಬೇಡ. ಆದರೆ ಮಡಿಚಿಟ್ಟ ಆ ಹಾಳೆಯನ್ನು ಮಾತ್ರ ಬಿಚ್ಚು. ಚಿಕ್ಕಮಾದಮ್ಮ ಸತ್ತಿಲ್ಲ, ಮಾರ್ಚಿನಿಂದ ಸಂಗಮದಲ್ಲಿ ಗೆದ್ದು ನಿಂತಿದ್ದಾಳೆ. ಮುಂದಿನ ದಾಳ ಅವಳದು.