ಮೇಜಿನ ಮೇಲಿನ ಕರಡಿಗೆ

೧೨ ನವೆಂಬರ್ ೨೦೦೮, ಬುಧವಾರ

ಇವತ್ತೂ ಆಸ್ಪತ್ರೆಯಲ್ಲಿ ಇವರದು ಅದೇ ಹಟ. ಲಕ್ವ ಹೊಡೆದ ಮೇಲೆ ನಿಂತರೆ ಆಯ ತಪ್ಪುತ್ತದೆಂದು ಮಿದುಳಿಗೆ ಅಯಸ್ಕಾಂತದ ಚಿಕಿತ್ಸೆ ಕೊಡುತ್ತಿದ್ದಾರೆ. ಮೈಮೇಲೆ ಲೋಹ ಇರಬಾರದು. ಲಿಂಗವನ್ನು ಅದರ ಕರಡಿಗೆಯಿಂದ ತೆಗೆದು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿದೆ.

"ಕರಡಿಗೆ ಕೈಗೆ ಎಟಕೋ ಹಾಗಿರ್ಲಿ ಕಣೇ."

ಬೇಸತ್ತು ಆ ಬೆಳ್ಳಿ ಕರಡಿಗೆಯನ್ನು ಮೂಲೆಯ ಮೇಜಿನ ಮೇಲಿಟ್ಟೆ.

ಟಕಟಕ ಎನ್ನುತ್ತಿದ್ದ ಯಂತ್ರ ನಿಂತಿತು. ಡಾಕ್ಟರ ಜೊತೆ ಮಾತಾಡಿ ತಿರುಗಿದರೆ, ಇವರು ಕೋಲಿಲ್ಲದೆ ಕಾಲೆಳೆಯುತ್ತಾ ಮೇಜಿನವರೆಗೆ ನಡೆದುಹೋಗಿ ಕರಡಿಗೆ ಎತ್ತಿಕೊಂಡಿದ್ದರು. ನಾನು ಕೈಚಾಚಿ ಕರೆದಾಗ ಒಂದು ಹೆಜ್ಜೆ ಇಟ್ಟವರಲ್ಲ! ಸಿಟ್ಟೂ ಬಂತು, ಕಣ್ಣೂ ತುಂಬಿತು.

"ಯಂತ್ರದಿಂದಲೋ ಹಟದಿಂದಲೋ, ಈಗ್ಲೇ ಹೇಳೋಕಾಗಲ್ಲಮ್ಮ" ಎಂದರು ಡಾಕ್ಟರು.

ಯಾವುದಾದರೇನು. ನಾಳೆ ಕರಡಿಗೆಯನ್ನು ಇನ್ನೂ ಆಚೆ, ಆ ಕಿಟಕಿಯ ಹತ್ತಿರ ಇಡುತ್ತೇನೆ.