ಕೆಂಪು ಕ್ಯಾನ್ ಕಂಡವರು

ವುಲ್ಫ್ರಾಮ್ ಬೀದಿ, ಬ್ರೋಕನ್ ಹಿಲ್
ಶನಿವಾರ, 19 ಮಾರ್ಚ್ 1988

ಪ್ರೀತಿಯ ವಿಂಕೊ ಅಣ್ಣನಿಗೆ,

ಹೇಗಿದ್ದೀಯ? ಪೋರ್ಟ್ ಪಿರಿಯ ಸಮುದ್ರದ ಗಾಳಿ ನಿನ್ನ ಎದೆಗೆ ಒಗ್ಗಿತೇ ಎಂದು ಅಮ್ಮ ಕೇಳುತ್ತಿದ್ದಾಳೆ. ನಾನು ಕೇಳಬೇಕಾದ್ದನ್ನು ಅಮ್ಮನ ಹೆಸರಿನಲ್ಲಿ ಕೇಳುವ ಚಾಳಿ ಇನ್ನೂ ಹೋಗಿಲ್ಲ, ನೋಡು. ನೀನು ಊರು ಬಿಟ್ಟು ಒಂಬತ್ತು ತಿಂಗಳಾಯಿತು. ನಿನ್ನ ಎರಡು ಕಾಗದಕ್ಕೂ ನಾನು ಉತ್ತರ ಬರೆಯದೆ ಕೂತದ್ದು ಮರೆವಿನಿಂದಲ್ಲ, ಹಟದಿಂದ. ಕ್ಷಮಿಸು ಎಂದು ಶುರುಮಾಡಿದರೆ ಪೆನ್ನು ಅಲ್ಲೇ ನಿಲ್ಲುತ್ತದೆ. ಮೊದಲು ಸುದ್ದಿ ಹೇಳಿಬಿಡುತ್ತೇನೆ.

ಅಮ್ಮನ ಮೊಣಕಾಲು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಾನು ಇನ್ನೂ ಗಣಿಯ ಕ್ಯಾಂಟೀನಿನಲ್ಲೇ ಇದ್ದೇನೆ. ಕಾರ್ಮಿಕ ಸಂಘದ ಟ್ರೇಡ್ಸ್ ಹಾಲಿನ ಕಪಾಟಿನಲ್ಲಿದ್ದ ಹಳೇ ಕರಪತ್ರಗಳನ್ನೆಲ್ಲ ಎರಡನೇ ಸಲ ಓದಿ ಮುಗಿಸಿದೆ. ಅಲ್ಲಿನ ಅಚ್ಚಿನ ಯಂತ್ರಕ್ಕೆ ಹಿಡಿಕೆ ತಿರುಗಿಸುವವಳು ಈಗಲೂ ನಾನೊಬ್ಬಳೇ. ಶನಿವಾರ ಫುಟ್‌ಬಾಲ್ ಮೈದಾನದ ಗೇಟಿನಲ್ಲಿ ನಿಂತು ಕರಪತ್ರ ಹಂಚುತ್ತೇನೆ. ಅದರಲ್ಲಿ ಅರ್ಧ ಮಾಂಸದ ಪೈ ಸುತ್ತಲು ಹೋಗುತ್ತದೆ ಎಂದು ಗೊತ್ತು.

ಕಳೆದ ತಿಂಗಳು ನನಗೆ ಜ್ಯೂರಿಗೆ ಬರಬೇಕೆಂದು ಕೋರ್ಟಿನಿಂದ ಕಾಗದ ಬಂತು. ಕ್ಯಾಂಟೀನಿನಲ್ಲಿ ತೋರಿಸಿದೆ ನೋಡು, ಸಾವಿನ ಮನೆಗೆ ಬಂದವರ ಹಾಗೆ ಒಬ್ಬೊಬ್ಬರೇ ಬಂದು ತಪ್ಪಿಸಿಕೊಳ್ಳುವ ದಾರಿ ಹೇಳಿಕೊಟ್ಟರು. ಲಿಫ್ಟ್ ಓಡಿಸುವವನೊಬ್ಬ ಕಿವಿ ಕೇಳಿಸುವುದಿಲ್ಲವೆಂದು ಡಾಕ್ಟರ ಚೀಟಿ ಕೊಟ್ಟು ಬಿಡುಗಡೆ ಪಡೆದು, ಅದೇ ವಾರ ವಾದ್ಯವೃಂದದಲ್ಲಿ ಕಹಳೆ ಊದಿ ಬಹುಮಾನ ಗೆದ್ದಿದ್ದನಂತೆ. ಚಿಪ್ಸ್ ಕರಿಯುವ ಬೆರಿಲ್, "ಏನೂ ನಾಟಕ ಬೇಡ ಕಣೇ ನೆವಿ, ದಿನಾ ಇಲ್ಲಿ ಮಾತಾಡೋ ಹಾಗೆ ಅಲ್ಲೂ ಎರಡು ನಿಮಿಷ ಮಾತಾಡು, ಅವರೇ ಮನೆಗೆ ಕಳಿಸ್ತಾರೆ" ಅಂದಳು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅಂದೇ ಒಂದು ಕರಪತ್ರ ಬರೆದೆ. ಓಟು ಹಾಕುವಾಗ ನಾವು ಸಾವಿರದಲ್ಲಿ ಒಬ್ಬರು, ಜ್ಯೂರಿಯ ಕುರ್ಚಿಯಲ್ಲಿ ಹನ್ನೆರಡರಲ್ಲಿ ಒಬ್ಬರು, ಆ ಒಬ್ಬರು ಒಪ್ಪದಿದ್ದರೆ ಸರ್ಕಾರವೇ ಕೈಕಟ್ಟಿ ನಿಲ್ಲಬೇಕು ಎಂದು ಬರೆದೆ. ಈಗಲೂ ಅದನ್ನು ನಂಬುತ್ತೇನೆ. ಅದಕ್ಕೇ ಈ ಕಾಗದ.

ನನ್ನ ಪಾಲಿಗೆ ಬಂದದ್ದು ಡಾರ್ಸಿ ಪ್ಯೂ ಮೇಲಿನ ಮೊಕದ್ದಮೆ. ಟೈರ್ ಅಂಗಡಿಗೆ ಬೆಂಕಿ ಇಟ್ಟ ಆರೋಪ. ಹೋದ ವರ್ಷ ಜನವರಿಯ ಆ ಶನಿವಾರ ನಿನಗೆ ನೆನಪಿರುತ್ತದೆ, ಎರಡು ದಿನ ಊರಿನ ಮೇಲೆ ಕಪ್ಪು ಹೊಗೆ ಕೂತಿತ್ತು, ಅಮ್ಮ ಒಣಹಾಕಿದ್ದ ಬಟ್ಟೆಯನ್ನೆಲ್ಲ ಮತ್ತೆ ಒಗೆದಳು. ಮೊದಲ ದಿನವೇ ನ್ಯಾಯಾಧೀಶರು ಕೇಳಿದರು. ಈ ಬೆಂಕಿಯ ವಿಷಯ ಪತ್ರಿಕೆಯಲ್ಲಿ ಓದಿದ್ದು ಮನಸ್ಸಿನಲ್ಲಿ ಕೂತುಬಿಟ್ಟಿದೆ ಅನ್ನುವವರಿದ್ದರೆ ಈಗಲೇ ಹೇಳಿ ಎಂದರು. ನಾನು ತಲೆಯೆತ್ತಿ ಕೂತಿದ್ದೆ. ನೀನು ವರದಿಗಾರನಾಗಿದ್ದ ಆ ಪತ್ರಿಕೆಯನ್ನು ಎರಡು ವರ್ಷದಿಂದ ಮುಟ್ಟಿಲ್ಲ ಎಂದು ಊರಿಗೆಲ್ಲ ಸಾರಿದವಳು ನಾನು. ಈ ಕೋಣೆಯಲ್ಲಿ ತಲೆ ಶುದ್ಧವಾಗಿರುವುದು ನನ್ನೊಬ್ಬಳದೇ ಅಂದುಕೊಂಡೆ.

ವಿಚಾರಣೆ ನಾಲ್ಕು ದಿನ ನಡೆಯಿತು. ಅಂಗಡಿಯವನು ಡಾರ್ಸಿಯನ್ನು ಕೆಲಸದಿಂದ ತೆಗೆದಿದ್ದ, ಇಬ್ಬರಿಗೂ ಜಗಳವಾಗಿತ್ತು. ಒಬ್ಬ ಹೆಂಗಸು ಆ ಸಂಜೆ ಅವನನ್ನು ಬೇಲಿಯ ಹತ್ತಿರ ನೋಡಿದ್ದಳು. ಅಂಗಡಿಯ ಕಾವಲುಗಾರ ಗೌಚಿ ಬೆಂಕಿಯಲ್ಲಿ ಸುಟ್ಟ ತನ್ನ ಎರಡೂ ಕೈಯನ್ನು ಎತ್ತಿ ತೋರಿಸಿದ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡ ಹಾಗಿವೆ. ಆದರೆ ಅವನು ಯಾರ ಮುಖವನ್ನೂ ನೋಡಿರಲಿಲ್ಲ.

ಆಮೇಲೆ ಹನ್ನೆರಡು ಜನರನ್ನು ಒಂದು ಕೋಣೆಗೆ ಕಳಿಸಿದರು. ನಮ್ಮ ಮುಖ್ಯಸ್ಥ ಕ್ಲ್ಯಾರಿ ಓಪಿ, ಮೂವತ್ತು ವರ್ಷ ಗಣಿಯ ಬಾವಿಯಲ್ಲಿ ದುಡಿದವನು. ಮೊದಲ ಸಲ ಕೈ ಎತ್ತಿದಾಗ ತಪ್ಪಿತಸ್ಥ ಅಂದವರು ಏಳು ಜನ. ನಾನು ಎದ್ದು ನಿಂತೆ. ಸುಟ್ಟವನು ದೊಡ್ಡವರ ಮಗನಾಗಲಿ ಬಡವನಾಗಲಿ, ಗೌಚಿಯ ಕೈಗೆ ಯಾರಾದರೂ ಉತ್ತರ ಹೇಳಬೇಕು ಅಂದೆ. ಜಗಳ ಎಲ್ಲರೂ ಆಡುತ್ತಾರೆ, ಬೇಲಿಯ ಪಕ್ಕ ಯಾರು ಬೇಕಾದರೂ ಓಡಾಡುತ್ತಾರೆ, ಆದರೆ ಶುಕ್ರವಾರ ಬಂಕಿನಲ್ಲಿ ಕೆಂಪು ಕ್ಯಾನಿಗೆ ಪೆಟ್ರೋಲ್ ತುಂಬಿಸಿಕೊಂಡು ಹೋದವನು ಶನಿವಾರ ಅದನ್ನೇನು ಗಿಡಕ್ಕೆ ಹಾಕಿದನೇ ಎಂದು ಕೇಳಿದೆ. ತಲೆಗಳು ಆಡಿದವು. ಕ್ಲ್ಯಾರಿ, ತನ್ನ ತಲೆಯಲ್ಲಿ ಕೊರೆಯುತ್ತಿದ್ದುದೂ ಅದೇ ಕ್ಯಾನ್ ಅಂದ. ಮತ್ತೆ ಕೈ ಎತ್ತಿದೆವು. ಹನ್ನೊಂದು.

ಎತ್ತದೆ ಕೂತವಳು ಲಿಟಿಯಾ. ಫಿಜಿಯವಳು, ವೊಲೊಂಗಾಂಗಿನಲ್ಲಿದ್ದವಳು, ಗಂಡನಿಗೆ ಗಣಿಯಲ್ಲಿ ಕೆಲಸ ಸಿಕ್ಕಿ ಕಳೆದ ಮೇ ತಿಂಗಳಲ್ಲಿ ಇಲ್ಲಿಗೆ ಬಂದವಳು. ನಾಲ್ಕು ದಿನವೂ ಶಾಲೆಯ ಮಗುವಿನ ಹಾಗೆ ಒಂದೊಂದು ಮಾತನ್ನೂ ಬರೆದುಕೊಂಡಿದ್ದಳು.

"ಯಾವ ಕ್ಯಾನ್?" ಅಂದಳು.

ನಾವು ನಕ್ಕೆವು, ವಿಂಕೊ. ಪಾಪ, ನಿದ್ದೆ ಬಂದಿತ್ತೇನೋ ಎಂದು ಯಾರೋ ಅಂದರು. ಪೊಲೀಸನೇ ಹೇಳಿದನಲ್ಲ ಎಂದು ಒಬ್ಬರು, ಇಲ್ಲ ಆ ಬೇಲಿ ಹೆಂಗಸು ಹೇಳಿದ್ದು ಎಂದು ಇನ್ನೊಬ್ಬರು. ಲಿಟಿಯಾ ತನ್ನ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಕೊನೆಯ ಹಾಳೆಗೆ ಬರುವ ಹೊತ್ತಿಗೆ ನಗು ನಿಂತಿತ್ತು. ಕೋರ್ಟಿನಲ್ಲಿ ಯಾರೂ ಕ್ಯಾನ್ ಅನ್ನುವ ಪದವನ್ನೇ ಆಡಿರಲಿಲ್ಲ. ಹನ್ನೊಂದು ಜನರಿಗೂ ಅದರ ಬಣ್ಣ ಗೊತ್ತಿತ್ತು.

"ಹೋಗ್ಲಿ ಬಿಡು ಮಗಳೇ," ಅಂದ ಕ್ಲ್ಯಾರಿ. "ಕ್ಯಾನ್ ಬಿಟ್ಟು ಇನ್ನೊಂದ್ಸಲ ಕೈ ಎತ್ತೋಣ."

ಎತ್ತಿದೆವು. ಮತ್ತೆ ಹನ್ನೊಂದೇ. ನನ್ನ ಕೈಯೂ ಮೇಲಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಕ್ಯಾನ್ ತೆಗೆದಿಟ್ಟಾಗಿತ್ತು, ಕೈ ಇಳಿದಿರಲಿಲ್ಲ. ಲಿಟಿಯಾ ಜಗಳಕ್ಕೆ ಬರಲಿಲ್ಲ. ಮೆಲ್ಲಗೆ ಕೇಳಿದಳು, "ನಾನು ಊರಿಗೆ ಹೊಸಬಳು, ನನಗೆ ಮರೆಯೋಕೆ ಏನೂ ಇಲ್ಲ. ನಿಮಗೆ ಮರೆಯೋಕಾಗತ್ತಾ?"

ಆಗ ನನಗೆ ನೆನಪಾಯಿತು. ಪತ್ರಿಕೆಯ ಮೂರನೇ ಪುಟ, ಎಡಗಡೆ ಆ ಕ್ಯಾನಿನ ಸುದ್ದಿ, ಕೆಳಗೆ ನಿನ್ನ ಹೆಸರು. ಈಗ ಹೇಳಿಬಿಡುತ್ತೇನೆ. ಗಣಿಯವರು ಕ್ಯಾಂಟೀನಿನ ಮೇಜಿನ ಮೇಲೆ ಬಿಟ್ಟುಹೋದ ಪತ್ರಿಕೆಯನ್ನು ನಾನು ದಿನಾ ಏಪ್ರನ್ನಿನೊಳಗೆ ಮಡಚಿಟ್ಟುಕೊಂಡು ಮನೆಗೆ ತರುತ್ತಿದ್ದೆ. ನಿನ್ನ ಹೆಸರಿದ್ದದ್ದನ್ನೆಲ್ಲ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೇನೆ. ನಾಯಿಗಳ ಓಟದ ಫಲಿತಾಂಶವೂ ಇದೆ. ಊರಿನಲ್ಲಿ ಆ ಪತ್ರಿಕೆಯನ್ನು ನನ್ನಷ್ಟು ಶ್ರದ್ಧೆಯಿಂದ ಯಾರೂ ಓದಿರಲಿಕ್ಕಿಲ್ಲ.

ಕಾಗದ ಕೊಡಿ, ಪತ್ರಿಕೆಯಲ್ಲಿ ಓದಿದ್ದು ನಮ್ಮ ತಲೆಯಲ್ಲಿದೆ ಎಂದು ನ್ಯಾಯಾಧೀಶರಿಗೆ ಚೀಟಿ ಬರೆಯುತ್ತೇನೆ ಅಂದೆ. ಕ್ಲ್ಯಾರಿ ಬಹಳ ಹೊತ್ತು ಕೊಡಲಿಲ್ಲ. ಚೀಟಿ ಹೋದರೆ ಎಲ್ಲ ಮೊದಲಿನಿಂದ ಶುರು, ಆ ಗೌಚಿ ಇನ್ನೊಂದು ಸಲ ನಿಂತು ಕೈ ತೋರಿಸಬೇಕು, ಅದನ್ನು ಯೋಚಿಸು ಅಂದ. ಯೋಚಿಸಿದೆ. ಬರೆದೆ. ಆರೇ ನಿಮಿಷದಲ್ಲಿ ನಮ್ಮನ್ನು ಬಿಡುಗಡೆ ಮಾಡಿದರು. ಮರುವಿಚಾರಣೆ ಅಕ್ಟೋಬರಿನಲ್ಲಿ, ದೂರದ ಡಬ್ಬೋ ಊರಿನಲ್ಲಿ. ಅಲ್ಲಿಯವರೆಗೆ ಡಾರ್ಸಿಗೆ ಜಾಮೀನಿಲ್ಲ. ಈಗಾಗಲೇ ಹದಿನಾಲ್ಕು ತಿಂಗಳು ಒಳಗಿದ್ದಾನೆ.

ಮೆಟ್ಟಿಲ ಮೇಲೆ ಅವನ ತಾಯಿ ನನ್ನ ಹತ್ತಿರ ಬಂದಳು. ಹೇಳಲು ನಾಚಿಕೆಯಾಗುತ್ತದೆ, ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ಕಾದೆ.

"ಹನ್ನೆರಡು ಜನ ಸೇರಿ ಹೌದು ಅಥವಾ ಇಲ್ಲ ಅನ್ನೋಕಾಗ್ಲಿಲ್ವಾ ನಿಮಗೆ?" ಅಂದಳು. "ಅಕ್ಟೋಬರ್ ತನಕ ಅವನೇನ್ ಮಾಡ್ಬೇಕು?"

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಗಣಿಯ ಬೂದಿಗುಡ್ಡದವರೆಗೆ ನಡೆಯುತ್ತೇನೆ, ವಾಪಸು ಬರುತ್ತೇನೆ, ಮತ್ತೆ ಹೊರಡುತ್ತೇನೆ. ನಾಲ್ಕು ಸಾಲು ಬರೆದರೆ ಎದ್ದು ಬಾಗಿಲಿಗೆ ಹೋಗಿ ಬರುತ್ತೇನೆ. ಕರಪತ್ರವಂತೂ ಬರೆಯಲಾಗಿಲ್ಲ.

ಡಬ್ಬಿಯಿಂದ ಆ ಚೂರನ್ನು ತೆಗೆದು ಈಗ ಮುಂದಿಟ್ಟುಕೊಂಡಿದ್ದೇನೆ. "ಬೆಂಕಿಯ ಹಿಂದಿನ ದಿನ ಪ್ಯೂ ಕೆಂಪು ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳುತ್ತಿದ್ದುದನ್ನು ಸ್ಥಳೀಯರೊಬ್ಬರು ಕಂಡಿದ್ದಾರೆ." ಯಾರು ಆ ಸ್ಥಳೀಯರು, ವಿಂಕೊ? ನಿಜವಾಗಿ ಕಂಡಿದ್ದರೆ ಅವರು ಡಬ್ಬೋದಲ್ಲಿ ನಿಂತು ಹೇಳಲಿ. ಕಾಣದೆ ಹೇಳಿದ್ದರೆ ಅದು ಡಾರ್ಸಿಯ ವಕೀಲರಿಗೆ ಗೊತ್ತಾಗಲಿ. ಊರೆಲ್ಲ ಒಂದು ಸುಳ್ಳನ್ನು ನಂಬಿ ಕೂತಿದೆ ಎಂದು ತೋರಿಸಿ ಅವರು ಜಾಮೀನಾದರೂ ಕೇಳಬಹುದು. ಹೆಸರು ಹೇಳುವುದು ನಿಮ್ಮ ವೃತ್ತಿಧರ್ಮವಲ್ಲ ಎಂದು ನನಗೆ ಪಾಠ ಹೇಳಬೇಡ. ಕಳೆದ ಜೂನಿನಲ್ಲಿ ನಿಮ್ಮ ಕಚೇರಿ ಬಾಗಿಲಿಗೆ ನಾನು ಅಂಟಿಸಿದ ಕರಪತ್ರ ಇದನ್ನೇ ಕೇಳಿತ್ತು. ಹೆಸರಿಲ್ಲದ ಬಾಯಿಗಳನ್ನು ನಂಬಿಕೊಂಡು ಪತ್ರಿಕೆ ನಡೆಸುತ್ತೀರಿ, ಆ ಬಾಯಿಗಳು ಯಾರವು ಎಂದು. ನಿನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದೆ. ನೀನು ಅದನ್ನು ಕಿತ್ತು, ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡೆ. ಎದುರಿಗೇ ನಿಂತಿದ್ದ ನನ್ನನ್ನು ನೋಡಿ ಒಳಗೆ ಹೋದೆ. ಮುಂದಿನ ವಾರ ಊರು ಬಿಟ್ಟೆ. ನನ್ನ ಅಣ್ಣನ ಹತ್ತಿರ ಉತ್ತರವಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಈಗಲಾದರೂ ಹೇಳು. ಇದು ನಿನಗೆ ಬರೆದದ್ದು, ನಿನ್ನ ಪತ್ರಿಕೆಗಲ್ಲ.

ಅಮ್ಮ ದಿನಾ ಎರಡು ಮೇಣದಬತ್ತಿ ಹಚ್ಚುತ್ತಾಳೆ, ಒಂದು ಅಪ್ಪನಿಗೆ, ಒಂದು ನಿನ್ನ ದಾರಿಗೆ. ಸಂತರೆಲ್ಲ ನಿನ್ನ ಬೆನ್ನಿಗಿರಲಿ, ಉಣ್ಣೆಯ ಬನಿಯನ್ ಹಾಕಿಕೋ ಎಂದು ಹೇಳಿದ್ದಾಳೆ. ನಿನಗೆ ಒಳ್ಳೆಯದಾಗಲಿ ಅನ್ನುವುದು ಮಾತ್ರ ನನ್ನದೇ ಮಾತು.

ನಿನ್ನ ತಂಗಿ,
ನೆವೆಂಕಾ

ಮರೆತ ಮಾತು:
ಲಕೋಟೆಗೆ ಹಾಕುವ ಮುಂಚೆ ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ದೊಣ್ಣೆಮೆಣಸಿಗೆ ಮಾಂಸ ತುಂಬುತ್ತಿದ್ದಳು. "ಸ್ಥಳೀಯರೊಬ್ಬರು" ಅನ್ನುವಲ್ಲಿ ಅವಳ ಕೈ ನಿಂತಿತು. "ಅದು ನೀನೇ ಅಲ್ವೇನೇ?" ಅಂದಳು.

ಬೆಂಕಿಯ ಮಾರನೇ ದಿನ, ಭಾನುವಾರ, ಇದೇ ಮೇಜು. ಕ್ಯಾಂಟೀನಿನ ಸಾಲಿನಲ್ಲಿ ಯಾರೋ ಆಡಿದ್ದನ್ನು ನಾನು ತಂದು ಹೇಳಿದೆನಂತೆ. ನೀನೇ ನೋಡಿದೆಯಾ ಎಂದು ನೀನು ಕೇಳಿದೆಯಂತೆ. ಹೌದು, ಬರ್ಕೋ ಅಂದೆನಂತೆ. ಅಮ್ಮನಿಗೆ ಅದು ಯಾಕೆ ನೆನಪಿದೆಯೆಂದರೆ, ನನ್ನ ಮಾತಿಗೆ ನೀನು ಜೇಬಿನಿಂದ ಪುಸ್ತಕ ತೆಗೆದದ್ದು ಅದೇ ಮೊದಲು, ನನ್ನ ಮುಖ ಅರಳಿತ್ತಂತೆ.

ನಾನು ಯಾವ ಬಂಕನ್ನೂ ನೋಡಿಲ್ಲ, ವಿಂಕೊ. ಎಷ್ಟು ಹುಡುಕಿದರೂ ನನ್ನೊಳಗೆ ಸಿಗುವುದು ಮೂರನೇ ಪುಟ ಮಾತ್ರ.

ಕಾಗದವನ್ನು ಹರಿಯುವುದಿಲ್ಲ. ಇದ್ದ ಹಾಗೇ ಕಳಿಸುತ್ತಿದ್ದೇನೆ. ಸೋಮವಾರ ಡಾರ್ಸಿಯ ವಕೀಲರ ಹತ್ತಿರ ಹೋಗಿ ನನ್ನ ಹೆಸರು ಕೊಡುತ್ತೇನೆ, ನೀನು ಕೊಡಬೇಕಾಗಿಲ್ಲ. ನೀನು ಒಂದಕ್ಕೆ ಉತ್ತರ ಬರೆದರೆ ಸಾಕು. ಆ ದಿನ ಕಚೇರಿ ಬಾಗಿಲಲ್ಲಿ ನನ್ನನ್ನು ನೋಡಿದೆಯಲ್ಲ, ಇವಳು ಮರೆತಿದ್ದಾಳೆ ಅಂದುಕೊಂಡೆಯೋ, ಗೊತ್ತಿದ್ದೂ ಕೇಳುತ್ತಿದ್ದಾಳೆ ಅಂದುಕೊಂಡೆಯೋ?