ಕೋಟಿನ ಮುಂದೆ ಕೂತ ಗುಂಡ

ರೀ, ನಾನು ಕೆಲಸಕ್ಕೆ ಹೊರಟೆ. ಎದ್ದ ಮೇಲೆ ನಮ್ಮ ನಾಯಿರಾಯ ಗುಂಡನ ವಾಸನೆ ಹಿಡಿಯುವ ಪಾಠ ಇವತ್ತು ನಿಮ್ಮದು. ಲವಂಗ ಉಜ್ಜಿದ ಬಟ್ಟೆಯನ್ನು ಸೋಫಾ ಹಿಂದೆ ಬಚ್ಚಿಡಿ. ಅವನು ಮೂಸಿ ಅದರ ಮುಂದೆ ಕೂತ ಕೂಡಲೇ ಕ್ಲಿಕ್ಕರ್ ಒತ್ತಿ, ಆ ಟಿಕ್ ಸದ್ದು ಕೇಳಿದರೆ ತಾನು ಹುಡುಕಿದ್ದು ಸರಿ ಅಂತ ಅವನಿಗೆ ಗೊತ್ತಾಗುತ್ತದೆ; ಆಮೇಲೆ ಬಿಸ್ಕತ್ತು ಕೊಡಿ. ಮೊದಲೇ ತಿನ್ನಿಸಿ ಮುದ್ದು ಮಾಡಬೇಡಿ.

ನಿನ್ನೆ ನೀವು ಸ್ನಾನಕ್ಕೆ ಹೋದಾಗ ಒಂದು ಸೋಜಿಗ ನಡೆಯಿತು. ಬಟ್ಟೆ ಇದ್ದದ್ದು ಮೇಜಿನ ಕೆಳಗೆ, ಇವನು ಹೋಗಿ ಕೂತದ್ದು ನಿಮ್ಮ ಕೋಟಿನ ಮುಂದೆ. ತಪ್ಪಿದ ಅಂತ ನಾನು ಒತ್ತಲಿಲ್ಲ. ಎಳೆದು ತಂದರೂ ಮತ್ತೆ ಅಲ್ಲೇ ಕೂತು ನನ್ನ ಮುಖ ನೋಡಿದ. ಏನಪ್ಪಾ ಇದು ಅಂತ ಜೇಬಿಗೆ ಕೈ ಹಾಕಿದೆ. ಒಂದು ಹಿಡಿ ಲವಂಗ, ಅದರಡಿ ಸಿಗರೇಟು. ಲವಂಗ ಹಲ್ಲುನೋವಿಗೆ ಅಂದಿದ್ದಿರಿ, ಸಿಗರೇಟು ಬಿಟ್ಟೆ ಅಂದಿದ್ದಿರಿ.

ಎಲ್ಲವನ್ನೂ ಜೇಬಿನಲ್ಲೇ ಬಿಟ್ಟಿದ್ದೇನೆ. ಇವತ್ತೂ ಗುಂಡ ಅಲ್ಲೇ ಕೂತರೆ ಕ್ಲಿಕ್ಕರ್ ನಿಮ್ಮ ಕೈಯಲ್ಲಿರುತ್ತದೆ. ಒತ್ತಿದಿರೋ ಇಲ್ಲವೋ, ಸಂಜೆ ಬಂದು ಕೇಳುತ್ತೇನೆ.